ನಾಲ್ಕು ಮತಗಳ ಅಂತರ: ಫರ್ಮಾನಾ ಕೌಂಟಿಯ ಚುನಾವಣಾ ಇತಿಹಾಸ

2010ರ ಮೇ 6ರಂದು ಬ್ರಿಟನ್ನಿನ ಸಂಸತ್ತಿಗೆ ಮಹಾಚುನಾವಣೆ ನಡೆಯಿತು. ಉತ್ತರ ಐರ್ಲೆಂಡಿನ 'ಫರ್ಮಾನಾ ಮತ್ತು ದಕ್ಷಿಣ ಟಿರೋನ್' ಎಂಬ ಕ್ಷೇತ್ರದಲ್ಲಿ ಮತಗಳನ್ನು ಎಣಿಸಿದರು. ಅಂತರ ತೀರಾ ಕಡಿಮೆಯಿದ್ದುದರಿಂದ ಮತ್ತೆ ಎಣಿಸಿದರು. ಹೀಗೆ ಮೂರು ಬಾರಿ ಮರುಎಣಿಕೆಯಾದ ಬಳಿಕ ಫಲಿತಾಂಶ ಘೋಷಣೆಯಾಯಿತು. ಶಿನ್ ಫೇನ್ ಪಕ್ಷದ ಮಿಶೆಲ್ ಗಿಲ್ಡರ್ನ್ಯೂ ಅವರಿಗೆ 21,304 ಮತಗಳು, ಅವರ ಎದುರಾಳಿ ರಾಡ್ನಿ ಕಾನರ್ ಅವರಿಗೆ 21,300. ಒಟ್ಟು 48,803 ಸಿಂಧು ಮತಗಳಲ್ಲಿ ಗೆಲುವಿನ ಅಂತರ ಕೇವಲ ನಾಲ್ಕು! ಒಂದು ಮನೆಯಲ್ಲಿರುವ ಮತದಾರರಷ್ಟೂ ಅಲ್ಲ.

ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಊರಿನ ಹೆಸರನ್ನು ಕೇಳಿರಲಾರರು. ಹೆಸರು ಕೇಳಿದೊಡನೆ ಉರ್ದು ಬಲ್ಲವರಿಗೆ 'ಫರ್ಮಾನು' ನೆನಪಾದೀತು. ಆದರೆ ಈ ಹೆಸರಿಗೂ ಬಾದಶಹರ ಆಜ್ಞಾಪತ್ರಕ್ಕೂ ಸಂಬಂಧವಿಲ್ಲ. ಇದು ಐರಿಷ್ ಮೂಲದ ಹೆಸರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಒಂದು ವಿಭಾಗ. ಜನಸಂಖ್ಯೆಯಲ್ಲಿ ಮಾತ್ರ ಇದು ನಮ್ಮ ಒಂದು ಸಣ್ಣ ತಾಲೂಕಿಗಿಂತಲೂ ಚಿಕ್ಕದು. 1911ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 62 ಸಾವಿರ ಮಂದಿ. ಅರ್ನ್ ಎಂಬ ಎರಡು ದೊಡ್ಡ ಸರೋವರಗಳ ನಡುವಣ ದ್ವೀಪದಲ್ಲಿ ಅದರ ಮುಖ್ಯ ಪಟ್ಟಣ ಎನ್ನಿಸ್ಕಿಲ್ಲನ್ ಇದೆ. ಹಸಿರು ಗುಡ್ಡ, ಹುಲ್ಲುಗಾವಲು, ದನ, ಮೀನು ಇವೇ ಆ ಸೀಮೆಯ ಸಂಪತ್ತು. ಇಂಥ ಶಾಂತವಾದ ಹಳ್ಳಿಗಾಡಿನ ಜಿಲ್ಲೆಯೊಂದರ ಮತಪೆಟ್ಟಿಗೆ ಏಕೆ ನೂರು ವರ್ಷಗಳ ಕಾಲ ಇತಿಹಾಸಕಾರರ ಗಮನ ಸೆಳೆಯಿತು ಎಂಬುದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

17ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದೊರೆ ಐರ್ಲೆಂಡಿನ ಉತ್ತರ ಭಾಗದ ಜಮೀನುಗಳನ್ನು ಸ್ಥಳೀಯ ಕ್ಯಾಥೊಲಿಕ್ ಒಡೆಯರಿಂದ ಕಿತ್ತುಕೊಂಡು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ಬಂದ ಪ್ರಾಟೆಸ್ಟೆಂಟ್ ಒಕ್ಕಲುಗಳಿಗೆ ಹಂಚಿದನು. ಅಂದಿನಿಂದ ಒಂದೇ ಊರಿನಲ್ಲಿ ಎರಡು ಸಮುದಾಯಗಳು ಅಕ್ಕಪಕ್ಕ ಬಾಳತೊಡಗಿದವು. ಕಾಲ ಕಳೆದಂತೆ ರಾಜಕೀಯವೂ ಅದೇ ಗೆರೆಯ ಮೇಲೆ ಇಬ್ಭಾಗವಾಯಿತು. ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರು ಬ್ರಿಟನ್ನಿನೊಡನೆ ಇರಬೇಕೆನ್ನುವ ಯೂನಿಯನಿಸ್ಟರಾದರು. ಕ್ಯಾಥೊಲಿಕರಲ್ಲಿ ಹೆಚ್ಚಿನವರು ಐರ್ಲೆಂಡ್ ಸ್ವತಂತ್ರವಾಗಿ ಒಂದಾಗಿರಬೇಕೆನ್ನುವ ರಾಷ್ಟ್ರೀಯವಾದಿಗಳಾದರು. 1921ರಲ್ಲಿ ಐರ್ಲೆಂಡಿನ ವಿಭಜನೆಯಾಗಿ ಆರು ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು. ಆ ಆರರಲ್ಲಿ ಫರ್ಮಾನಾ ಮತ್ತು ಟಿರೋನ್ ಎಂಬ ಎರಡರಲ್ಲಿ ಕ್ಯಾಥೊಲಿಕರೇ ಬಹುಸಂಖ್ಯಾತರು. ಫರ್ಮಾನಾದಲ್ಲಿ ನೂರಕ್ಕೆ 56 ಮಂದಿ. ಅಂದರೆ ಒಂದು ದೇಶ ಇನ್ನೊಂದಾಗುವಾಗ, ತಾವು ಒಪ್ಪದ ಗಡಿಯ ಒಳಗೆ ಸಿಲುಕಿದ ಬಹುಸಂಖ್ಯಾತರು ಅವರು. ವಿಭಜನೆಯ ಅರ್ಥವೇನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

1922ರಲ್ಲಿ ಬ್ರಿಟಿಷ್ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಸಂಸತ್ತಿನಲ್ಲಿ ಮಾತನಾಡುತ್ತಾ, ಮಹಾಯುದ್ಧದ ಪ್ರಳಯದಲ್ಲಿ ಇಡೀ ಜಗತ್ತು ಬದಲಾದರೂ ನೆರೆ ಇಳಿದಾಗ ಕಾಣಿಸುವುದು ಅದೇ ಫರ್ಮಾನಾ, ಟಿರೋನ್‌ಗಳ ಮಂಕಾದ ಚರ್ಚ್ ಗೋಪುರಗಳು, ಅದೇ ಹಳೆಯ ಜಗಳ ಎಂಬರ್ಥದ ಮಾತನ್ನಾಡಿದ್ದರು. ಆ ಮಾತಿನಲ್ಲಿ ಬೇಸರವಿದೆ, ಸ್ವಲ್ಪ ತಾತ್ಸಾರವೂ ಇದೆ. ಜಗಳ ಹಳೆಯದಾಗಿದ್ದು ನಿಜ. ಆದರೆ ಮುಂದಿನ ಐವತ್ತು ವರ್ಷ ಅದನ್ನು ಬೆಳೆಸಿದ್ದು ಹಳೆಯ ದ್ವೇಷವೊಂದೇ ಅಲ್ಲ, ಅದೇ 1922ರಲ್ಲಿ ಬಂದ ಹೊಸದೊಂದು ಕಾನೂನು.

ಅದಕ್ಕೆ ಎರಡು ವರ್ಷ ಮೊದಲು, 1920ರಲ್ಲಿ, ಕೌಂಟಿ ಕೌನ್ಸಿಲುಗಳಿಗೆ ಪ್ರಾಶಸ್ತ್ಯ ಮತದ ಪದ್ಧತಿಯಲ್ಲಿ ಚುನಾವಣೆಯಾಗಿತ್ತು. ಮತದಾರನು ಅಭ್ಯರ್ಥಿಗಳ ಮುಂದೆ 1, 2, 3 ಎಂದು ತನ್ನ ಆಯ್ಕೆಯ ಕ್ರಮವನ್ನು ಬರೆಯುತ್ತಾನೆ. ಮೊದಲ ಆಯ್ಕೆಯವರು ಸೋತರೆ ಅಥವಾ ಬೇಕಾದಷ್ಟಕ್ಕಿಂತ ಹೆಚ್ಚು ಮತ ಪಡೆದರೆ ಆ ಮತ ಮುಂದಿನವರಿಗೆ ವರ್ಗವಾಗುತ್ತದೆ. ನಮ್ಮ ರಾಜ್ಯಸಭೆಗೆ ಶಾಸಕರು ಮತ ಹಾಕುವುದೂ, ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ನಾವು ಮತ ಹಾಕುವುದೂ ಪ್ರಾಶಸ್ತ್ಯ ಕ್ರಮದಲ್ಲೇ. ಒಂದೇ ಕ್ಷೇತ್ರದಿಂದ ಹಲವರನ್ನು ಆರಿಸುವಲ್ಲಿ ಈ ಪದ್ಧತಿಯಿಂದ ಪ್ರತಿಯೊಂದು ಗುಂಪಿಗೂ ಅದರ ಸಂಖ್ಯೆಗೆ ತಕ್ಕಷ್ಟು ಸ್ಥಾನ ಸಿಗುತ್ತದೆ. (ಪದವೀಧರ ಕ್ಷೇತ್ರದ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ತಯಾರಿಸುವುದರಿಂದ ಮತ್ತೆ ಅರ್ಜಿ ಹಾಕಬೇಕೆಂಬುದನ್ನು ನಮ್ಮ ಪದವೀಧರರಲ್ಲಿ ಎಷ್ಟು ಮಂದಿ ಬಲ್ಲರೋ!) 1920ರ ಆ ಚುನಾವಣೆಯಲ್ಲಿ ಫರ್ಮಾನಾ ಕೌನ್ಸಿಲಿನ ಬಹುಮತ ರಾಷ್ಟ್ರೀಯವಾದಿಗಳಿಗೆ ಬಂತು. 1921ರ ಡಿಸೆಂಬರಿನಲ್ಲಿ ಆ ಕೌನ್ಸಿಲು ಬೆಲ್‌ಫಾಸ್ಟಿನ ಹೊಸ ಸರ್ಕಾರಕ್ಕೆ ತಾನು ಅಧೀನವಲ್ಲವೆಂದೂ ತನ್ನ ನಿಷ್ಠೆ ಡಬ್ಲಿನ್ನಿನ ಐರಿಷ್ ಶಾಸನಸಭೆಗೆಂದೂ ನಿರ್ಣಯಿಸಿತು. ಪೊಲೀಸರು ಕಚೇರಿಯನ್ನು ವಶಪಡಿಸಿಕೊಂಡರು. ಕೌನ್ಸಿಲು ವಿಸರ್ಜನೆಯಾಯಿತು.

ಯಾವ ಸರ್ಕಾರವೂ ಇಂಥ ನಿರ್ಣಯವನ್ನು ಸಹಿಸಲಾರದು ಎಂಬುದನ್ನು ಒಪ್ಪೋಣ. ಆದರೆ ಮುಂದೆ ಆದದ್ದು ಒಂದು ಕೌನ್ಸಿಲಿಗೆ ಶಿಕ್ಷೆಯಲ್ಲ, ಒಂದು ಸಮುದಾಯದ ಮತಕ್ಕೆ ಕತ್ತರಿ. 1922ರ ಸ್ಥಳೀಯ ಸರ್ಕಾರ ಕಾಯ್ದೆಯು ಪ್ರಾಶಸ್ತ್ಯ ಮತದ ಪದ್ಧತಿಯನ್ನು ರದ್ದುಪಡಿಸಿ ವಾರ್ಡುಗಳ ಗಡಿಯನ್ನು ಹೊಸದಾಗಿ ಬರೆಯಲು ದಾರಿ ಮಾಡಿತು. ಡಬ್ಲಿನ್ನಿನ ನಾಯಕ ಮೈಕೆಲ್ ಕಾಲಿನ್ಸ್ ಇದನ್ನು ಪ್ರತಿಭಟಿಸಿದರು. ಲಂಡನ್ ಸರ್ಕಾರ ಕೆಲವು ವಾರ ರಾಜನ ಅಂಕಿತವನ್ನು ತಡೆಹಿಡಿಯಿತು. ಬೆಲ್‌ಫಾಸ್ಟಿನ ಮಂತ್ರಿಮಂಡಲ ರಾಜೀನಾಮೆಯ ಬೆದರಿಕೆ ಹಾಕಿತು. ಆಗಸ್ಟ್ 22ರಂದು ಕಾಲಿನ್ಸ್ ಅಂತರ್ಯುದ್ಧದಲ್ಲಿ ಗುಂಡಿಗೆ ಬಲಿಯಾದರು. ಸೆಪ್ಟೆಂಬರಿನಲ್ಲಿ ಅಂಕಿತ ಬಿತ್ತು.

ವಾರ್ಡುಗಳನ್ನು ಹೊಸದಾಗಿ ವಿಂಗಡಿಸಲು ಸರ್ ಜಾನ್ ಲೀಚ್ ಎಂಬವರನ್ನು ನೇಮಿಸಲಾಯಿತು. ಅವರು ಊರೂರಿಗೆ ಹೋಗಿ ವಿಚಾರಣೆ ನಡೆಸಿದರು. ಯೂನಿಯನಿಸ್ಟರು ನಕ್ಷೆ, ಲೆಕ್ಕ ಎಲ್ಲವನ್ನೂ ಸಿದ್ಧಪಡಿಸಿಕೊಂಡು ಹಾಜರಾದರು. ರಾಷ್ಟ್ರೀಯವಾದಿಗಳಲ್ಲಿ ಬಹುಪಾಲು ಮಂದಿ ಬಹಿಷ್ಕಾರ ಹೂಡಿ ಮನೆಯಲ್ಲೇ ಉಳಿದರು. ಗಡಿಯೇ ಸದ್ಯದಲ್ಲಿ ಬದಲಾಗಿ ತಾವು ಡಬ್ಲಿನ್ನಿಗೆ ಸೇರುವೆವೆಂಬ ಭರವಸೆ ಅವರಿಗಿತ್ತು. 1925ರಲ್ಲಿ ಗಡಿ ಆಯೋಗ ಕುಸಿದುಬಿದ್ದು ಆ ಭರವಸೆ ಹುಸಿಯಾಯಿತು. ಅಷ್ಟರಲ್ಲಿ 1924ರ ಚುನಾವಣೆ ಹೊಸ ವಾರ್ಡುಗಳಲ್ಲಿ ನಡೆದು ಫರ್ಮಾನಾ ಕೌನ್ಸಿಲು ಅವರ ಕೈಬಿಟ್ಟಿತ್ತು. ವಿಚಾರಣೆಗೆ ಹೋಗಿದ್ದರೆ ನ್ಯಾಯ ಸಿಗುತ್ತಿತ್ತೆಂದು ಹೇಳಲಾಗದು. ಆದರೂ, ಯಾರೂ ಆಕ್ಷೇಪಣೆ ಸಲ್ಲಿಸದ ನಕ್ಷೆಯನ್ನು ಮುಂದೆ ಪ್ರಶ್ನಿಸುವುದು ಎಷ್ಟು ಕಷ್ಟ ಎಂಬುದನ್ನು ಅವರ ಮಕ್ಕಳು, ಮೊಮ್ಮಕ್ಕಳು ಅನುಭವಿಸಿದರು. ಬಹಿಷ್ಕಾರದ ಸಿಟ್ಟು ನನಗೆ ಅರ್ಥವಾಗುತ್ತದೆ. ಅದರ ಬೆಲೆ ಮಾತ್ರ ವಿಪರೀತ ದುಬಾರಿಯಾಯಿತು.

ಬಹುಸಂಖ್ಯಾತರನ್ನು ಗೆರೆ ಎಳೆದು ಸೋಲಿಸುವುದು ಹೇಗೆ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಅದೇ ಪ್ರಾಂತ್ಯದ ಡೆರಿ ನಗರದ ಅಂಕಿಗಳು ಇದಕ್ಕೆ ಸ್ಪಷ್ಟವಾದ ಉತ್ತರ. 1967ರಲ್ಲಿ ಡೆರಿಯ ಸ್ಥಳೀಯ ಮತದಾರರ ಪಟ್ಟಿಯಲ್ಲಿ 14,429 ಕ್ಯಾಥೊಲಿಕರೂ 8,781 ಇತರರೂ ಇದ್ದರು. ನಗರವನ್ನು ಮೂರು ವಾರ್ಡುಗಳಾಗಿ ವಿಂಗಡಿಸಿತ್ತು. ದಕ್ಷಿಣ ವಾರ್ಡಿನಲ್ಲಿ 10,047 ಕ್ಯಾಥೊಲಿಕರನ್ನೂ 1,138 ಇತರರನ್ನೂ ಒಟ್ಟಿಗೆ ತುಂಬಿ ಎಂಟು ಸ್ಥಾನ ಕೊಟ್ಟರು. ಉತ್ತರ ವಾರ್ಡಿನಲ್ಲಿ 2,530 ಕ್ಯಾಥೊಲಿಕರು, 3,946 ಇತರರು. ಅದಕ್ಕೂ ಎಂಟು ಸ್ಥಾನ. ವಾಟರ್‌ಸೈಡ್ ವಾರ್ಡಿನಲ್ಲಿ 1,852 ಕ್ಯಾಥೊಲಿಕರು, 3,697 ಇತರರು, ನಾಲ್ಕು ಸ್ಥಾನ. ಈಗ ಕೂಡಿಸಿ ನೋಡಿ. ಹದಿನಾಲ್ಕು ಸಾವಿರ ಮತದಾರರಿಗೆ ಎಂಟು ಸದಸ್ಯರು, ಎಂಟು ಸಾವಿರ ಚಿಲ್ಲರೆ ಮತದಾರರಿಗೆ ಹನ್ನೆರಡು ಸದಸ್ಯರು! ಒಂದೇ ಒಂದು ಕಳ್ಳಮತ ಬಿದ್ದಿಲ್ಲ, ಒಂದೇ ಒಂದು ಪೆಟ್ಟಿಗೆ ಕಳುವಾಗಿಲ್ಲ. ಎಣಿಕೆ ಪೂರ್ತಿ ಪ್ರಾಮಾಣಿಕ. ಚುನಾವಣೆಯ ಫಲಿತಾಂಶ ಮಾತ್ರ ನಕ್ಷೆಯ ಮೇಲೆ ಮೊದಲೇ ಬರೆದಿತ್ತು. ಫರ್ಮಾನಾ ಕೌನ್ಸಿಲಿನ ವಿಂಗಡಣೆಯೂ ಇದೇ ಜಾತಿಯದು.

ವಾರ್ಡಿನ ಗೆರೆಯ ಜೊತೆಗೆ ಮತದಾರರ ಪಟ್ಟಿಯ ಕಥೆಯೂ ಇದೆ. ಸ್ಥಳೀಯ ಚುನಾವಣೆಯಲ್ಲಿ ಮನೆಗಂದಾಯ ಕಟ್ಟುವ ಮನೆಯ ಯಜಮಾನ ಮತ್ತು ಆತನ ಹೆಂಡತಿಗೆ ಮಾತ್ರ ಮತ. ಅದೇ ಮನೆಯಲ್ಲಿರುವ ಪ್ರಾಯಕ್ಕೆ ಬಂದ ಮಕ್ಕಳಿಗೆ, ಒಳಬಾಡಿಗೆಯವರಿಗೆ, ಕೋಣೆ ಹಿಡಿದು ಇರುವವರಿಗೆ ಮತವಿಲ್ಲ. ಕಂಪನಿಗಳಿಗೆ ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಆರು ಮತಗಳವರೆಗೆ ಇತ್ತು. ಬ್ರಿಟನ್ನಿನ ಉಳಿದೆಡೆ ಈ ಪದ್ಧತಿ 1945ರಲ್ಲೇ ಹೋಯಿತು. ಉತ್ತರ ಐರ್ಲೆಂಡಿನಲ್ಲಿ ಅದನ್ನು ಉಳಿಸಿಕೊಂಡರು. ಸಂಸತ್ತಿಗೆ ಮತ ಹಾಕಬಲ್ಲ ನಾಲ್ವರಲ್ಲಿ ಸುಮಾರು ಒಬ್ಬರಿಗೆ ತಮ್ಮೂರಿನ ಕೌನ್ಸಿಲಿಗೆ ಮತ ಹಾಕುವ ಹಕ್ಕಿರಲಿಲ್ಲ. ಹೀಗೆ ಹಕ್ಕು ಕಳೆದುಕೊಂಡವರಲ್ಲಿ ಬಡ ಪ್ರಾಟೆಸ್ಟೆಂಟರೂ ಬಹಳ ಮಂದಿ ಇದ್ದರೆಂಬುದನ್ನು ಮರೆಯಬಾರದು. ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮಲ್ಲೂ ಆಸ್ತಿ, ತೆರಿಗೆ, ವಿದ್ಯೆ ನೋಡಿಯೇ ಮತ ಕೊಡುತ್ತಿದ್ದರು. 1950ರ ಸಂವಿಧಾನದಿಂದ 21 ವರ್ಷ ತುಂಬಿದ ಪ್ರತಿಯೊಬ್ಬರೂ ಮತದಾರರಾಗಿ, 1952ರ ಹೊತ್ತಿಗೆ ನಮ್ಮ ಹಳ್ಳಿಯ ಕೂಲಿಯಾಳೂ ಸಾಲಿನಲ್ಲಿ ನಿಂತು ಮತ ಹಾಕಿದ್ದನು. ಎನ್ನಿಸ್ಕಿಲ್ಲನ್ನಿನಲ್ಲಿ ತಂದೆಯ ಮನೆಯಲ್ಲಿರುವ ಮೂವತ್ತು ವರ್ಷದ ಶಿಕ್ಷಕನಿಗೆ ಆಗಲೂ ಊರಿನ ಕೌನ್ಸಿಲಿಗೆ ಮತವಿರಲಿಲ್ಲ.

ಇದರಿಂದ ಆದ ಪರಿಣಾಮವನ್ನು ಯೋಚಿಸಿ. ಬಾಡಿಗೆಗೆ ಮನೆ ಕಟ್ಟಿಸಿ ಹಂಚುವುದು ಕೌನ್ಸಿಲಿನ ಕೆಲಸ. ಮನೆ ಸಿಕ್ಕವರಿಗೆ ಎರಡು ಮತ. ಹಾಗಾಗಿ ಯಾವ ವಾರ್ಡಿನಲ್ಲಿ ಯಾರಿಗೆ ಮನೆ ಎಂಬುದು ಸೂರಿನ ಪ್ರಶ್ನೆಯಾಗಿ ಉಳಿಯದೆ ಮುಂದಿನ ಚುನಾವಣೆಯ ಪ್ರಶ್ನೆಯಾಯಿತು. ನೌಕರಿಯೂ ಹಾಗೆಯೇ. ಫರ್ಮಾನಾದ ದೊಡ್ಡ ಜಮೀನ್ದಾರರಾಗಿದ್ದ ಬೇಸಿಲ್ ಬ್ರೂಕ್ ಅವರು 1933ರ ಜುಲೈ 12ರಂದು ನ್ಯೂಟೌನ್‌ಬಟ್ಲರ್ ಎಂಬಲ್ಲಿ ಸೇರಿದ ಸಭೆಯಲ್ಲಿ, ಕ್ಯಾಥೊಲಿಕರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ, ನನ್ನಲ್ಲಿ ಒಬ್ಬನೂ ಇಲ್ಲ ಎಂದು ಬಹಿರಂಗವಾಗಿ ಹೇಳಿದರು. ಹತ್ತು ವರ್ಷದ ನಂತರ ಅವರೇ ಪ್ರಾಂತ್ಯದ ಪ್ರಧಾನಿಯಾಗಿ 1963ರ ತನಕ ಆಳಿದರು. 1969ರಲ್ಲಿ ಲಾರ್ಡ್ ಕ್ಯಾಮರನ್ ಆಯೋಗ ವರದಿ ಕೊಟ್ಟಾಗ ಫರ್ಮಾನಾದ ಒಂದು ಸಣ್ಣ ಲೆಕ್ಕವನ್ನು ಮುಂದಿಟ್ಟಿತು. ಅಲ್ಲಿನ ಶಾಲಾ ಬಸ್ಸುಗಳ ಸುಮಾರು 75 ಮಂದಿ ಚಾಲಕರಲ್ಲಿ ಕ್ಯಾಥೊಲಿಕರು ಹೆಚ್ಚೆಂದರೆ ಏಳು ಮಂದಿ. ಅರ್ಧಕ್ಕಿಂತ ಹೆಚ್ಚು ಜನರಿರುವ ಸಮುದಾಯಕ್ಕೆ ಸ್ಟೇರಿಂಗ್ ಹಿಡಿಯಲು ಬರುತ್ತಿರಲಿಲ್ಲವೆಂದು ಯಾರೂ ನಂಬಲಾರರು.

ಸಂಸತ್ತಿನ ಚುನಾವಣೆಯ ಚಿತ್ರ ಮಾತ್ರ ಬೇರೆ. ಅಲ್ಲಿ ವಾರ್ಡಿನ ಗೆರೆಗಳಿಲ್ಲ, ಮನೆಗಂದಾಯದ ಷರತ್ತಿಲ್ಲ. ಎರಡೂ ಕಡೆಯವರ ಬಲ ಸರಿಸುಮಾರು ಸಮ. ಆದ್ದರಿಂದಲೇ ಅಲ್ಲಿ ಹಾಸಿಗೆ ಹಿಡಿದವರನ್ನೂ ಮತಗಟ್ಟೆಗೆ ಕರೆತರುವಂಥ ಪೈಪೋಟಿ. 1951ರಲ್ಲಿ ಫರ್ಮಾನಾ ಮತ್ತು ದಕ್ಷಿಣ ಟಿರೋನ್‌ನಲ್ಲಿ ನೂರಕ್ಕೆ 93.4ರಷ್ಟು ಮತದಾನವಾಯಿತು. ಬ್ರಿಟನ್ನಿನ ಮಹಾಚುನಾವಣೆಗಳಲ್ಲಿ ಯಾವ ಕ್ಷೇತ್ರವೂ ಈ ದಾಖಲೆಯನ್ನು ಮುರಿದಿಲ್ಲ. ಆ ಸಲ ಗೆದ್ದವರು ಕಾಹಿರ್ ಹೀಲಿ. 1922ರಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದಾಗಲೇ ಮೊದಲ ಬಾರಿಗೆ ಸಂಸತ್ತಿಗೆ ಆರಿಸಿ ಬಂದ ಹಿರಿಯರು ಅವರು. 1955ರಲ್ಲಿ ಸೆರೆಮನೆಯಲ್ಲಿದ್ದ ಫಿಲಿಪ್ ಕ್ಲಾರ್ಕ್ 261 ಮತಗಳಿಂದ ಗೆದ್ದರು. ಶಿಕ್ಷೆಗೊಳಗಾದ ಕೈದಿಯೆಂಬ ಕಾರಣಕ್ಕೆ ಆಯ್ಕೆ ಅಸಿಂಧುವಾಗಿ ಸೋತವರಿಗೆ ಸ್ಥಾನ ಹೋಯಿತು.

ಮತ್ತೊಂದು ಸ್ವಾರಸ್ಯದ ಪ್ರಸಂಗ. 1979ರ ಮಾರ್ಚ್ 28ರಂದು ಲಂಡನ್ನಿನಲ್ಲಿ ಕ್ಯಾಲಹನ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ. ಆಗ ಫರ್ಮಾನಾದ ಸದಸ್ಯರಾಗಿದ್ದವರು ಫ್ರಾಂಕ್ ಮಗ್ವಾಯರ್ ಎಂಬ ಪಬ್ ಮಾಲೀಕರು. ಸಂಸತ್ತಿಗೆ ಹೋಗುವುದೇ ಅಪರೂಪ. ಅಂದು ಲಂಡನ್ನಿಗೆ ಹೋದರು, ಖುದ್ದಾಗಿ ತಟಸ್ಥವಾಗಿರಲು ಬಂದಿದ್ದೇನೆ ಎಂದರು, ಮತ ಹಾಕಲಿಲ್ಲ. ಸರ್ಕಾರ 311-310ರಲ್ಲಿ, ಅಂದರೆ ಒಂದೇ ಮತದಿಂದ ಬಿತ್ತು. ಮುಂದಿನ ಮೇ ತಿಂಗಳಿನಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು.

ಮಗ್ವಾಯರ್ 1981ರಲ್ಲಿ ತೀರಿಕೊಂಡಾಗ ನಡೆದ ಉಪಚುನಾವಣೆಯಲ್ಲಿ ಸೆರೆಮನೆಯಲ್ಲಿ ಉಪವಾಸ ಹೂಡಿದ್ದ ಬಾಬಿ ಸ್ಯಾಂಡ್ಸ್ 30,493 ಮತ ಪಡೆದು, 29,046 ಮತ ಪಡೆದ ಹ್ಯಾರಿ ವೆಸ್ಟ್ ಅವರನ್ನು ಸೋಲಿಸಿದರು. ಆ ಸಲ ಅಸಿಂಧುವಾದ ಮತಪತ್ರಗಳು ಮೂರು ಸಾವಿರಕ್ಕೂ ಹೆಚ್ಚು, ಅಂದರೆ ಗೆಲುವಿನ ಅಂತರದ ಇಮ್ಮಡಿಗಿಂತ ಅಧಿಕ. ಮೇ 5ರಂದು ಸ್ಯಾಂಡ್ಸ್ ಸಾವನ್ನಪ್ಪಿದರು. ಮತಪೆಟ್ಟಿಗೆಯ ಹೊರಗೆ ಆ ಜಿಲ್ಲೆ ಬಹಳ ರಕ್ತವನ್ನೂ ಕಂಡಿತು. 1987ರ ನವೆಂಬರ್ 8ರಂದು ಎನ್ನಿಸ್ಕಿಲ್ಲನ್ನಿನ ಯುದ್ಧ ಸ್ಮಾರಕದ ಬಳಿ ಹುತಾತ್ಮರಿಗೆ ನಮಿಸಲು ಸೇರಿದ್ದ ಜನರ ನಡುವೆ ಐರಿಷ್ ರಿಪಬ್ಲಿಕನ್ ಸೇನೆಯ ಬಾಂಬು ಸಿಡಿದು ಅಂದೇ 11 ಮಂದಿ ಸತ್ತರು. ಮತದ ಅನ್ಯಾಯದ ಕಥೆ ಹೇಳುವಾಗ ಈ ಹೆಣಗಳನ್ನು ಮುಚ್ಚಿಡುವುದು ಇತಿಹಾಸಕ್ಕೆ ಬಗೆಯುವ ದ್ರೋಹ.

ಇಷ್ಟರಲ್ಲಿ ಕೌನ್ಸಿಲಿನ ಮತಪಟ್ಟಿ ಸರಿಯಾಗಿತ್ತು. 1968ರ ಜೂನಿನಲ್ಲಿ ಟಿರೋನ್‌ನ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ ಕೌನ್ಸಿಲಿನ ಮನೆಯೊಂದನ್ನು, ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿರುವಾಗ, ಮದುವೆಯಾಗದ 19 ವರ್ಷದ ಪ್ರಾಟೆಸ್ಟೆಂಟ್ ಯುವತಿಗೆ ಕೊಡಲಾಯಿತು. ಶಾಸಕ ಆಸ್ಟಿನ್ ಕರಿ ಆ ಮನೆಯೊಳಗೆ ಹೊಕ್ಕು ಕುಳಿತು ಪ್ರತಿಭಟಿಸಿದರು. ಅಲ್ಲಿಂದ ಹೊತ್ತಿದ ನಾಗರಿಕ ಹಕ್ಕುಗಳ ಚಳವಳಿಯ ಮುಖ್ಯ ಬೇಡಿಕೆಗಳಲ್ಲಿ ಒಂದು, ಪ್ರತಿಯೊಬ್ಬನಿಗೂ ಒಂದು ಮತ. 1969ರಲ್ಲಿ ಕಾನೂನು ಬದಲಾಯಿತು. 1973ರ ಮೇ 30ರಂದು, ಐವತ್ತೊಂದು ವರ್ಷಗಳ ಹಿಂದೆ ರದ್ದಾಗಿದ್ದ ಅದೇ ಪ್ರಾಶಸ್ತ್ಯ ಮತದ ಪದ್ಧತಿಯಲ್ಲಿ, ಹೊಸ ವಾರ್ಡುಗಳಲ್ಲಿ, 18 ತುಂಬಿದ ಎಲ್ಲರೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಿದರು. ಹಳೆಯ ಕೌಂಟಿ ಕೌನ್ಸಿಲು ಅದೇ ವರ್ಷ ಇತಿಹಾಸ ಸೇರಿತು. ಕಳ್ಳಮತದ ದೂರುಗಳು ಎರಡೂ ಕಡೆಯಿಂದ ಬರುತ್ತಿದ್ದವು. 2002ರ ಕಾಯ್ದೆ ಭಾವಚಿತ್ರವಿರುವ ಗುರುತುಪತ್ರವನ್ನೂ, ಮನೆಯ ಯಜಮಾನನ ಬದಲು ಪ್ರತಿಯೊಬ್ಬರೂ ತಾವೇ ಹೆಸರು ನೋಂದಾಯಿಸುವುದನ್ನೂ ಕಡ್ಡಾಯಗೊಳಿಸಿತು.

ಈಗ 2010ರ ಆ ನಾಲ್ಕು ಮತಗಳಿಗೆ ಮರಳೋಣ. ಗಿಲ್ಡರ್ನ್ಯೂ ಅವರಿಗೆ ಸಣ್ಣ ಅಂತರ ಹೊಸತಾಗಿರಲಿಲ್ಲ. 2001ರಲ್ಲಿ ಅವರು 53 ಮತಗಳಿಂದ ಗೆದ್ದಾಗ, ಗ್ಯಾರಿಸನ್ ಎಂಬ ಹಳ್ಳಿಯ ಮತಗಟ್ಟೆಯಲ್ಲಿ ರಾತ್ರಿ ಹತ್ತು ಗಂಟೆಯ ನಂತರವೂ ಮತ ಹಾಕಿಸಿದರೆಂದು ಎದುರಾಳಿ ನ್ಯಾಯಾಲಯಕ್ಕೆ ಹೋಗಿದ್ದರು. ಆ ಅರ್ಜಿ ನಿಲ್ಲಲಿಲ್ಲ. 2010ರಲ್ಲಿ ಯೂನಿಯನಿಸ್ಟ್ ಪಕ್ಷಗಳು ತಮ್ಮೊಳಗಿನ ಜಗಳ ಬದಿಗಿಟ್ಟು, ಫರ್ಮಾನಾ ಕೌನ್ಸಿಲಿನ ಮುಖ್ಯಾಧಿಕಾರಿಯಾಗಿದ್ದ ಕಾನರ್ ಅವರನ್ನು ಒಮ್ಮತದ ಅಭ್ಯರ್ಥಿಯಾಗಿ ನಿಲ್ಲಿಸಿದ್ದವು. ಇನ್ನೊಂದು ರಾಷ್ಟ್ರೀಯವಾದಿ ಪಕ್ಷದ ಅಭ್ಯರ್ಥಿ 5,574 ಮತ ತೆಗೆದುಕೊಂಡರು. ಎರಡೂ ಬಣಗಳಿಗೆ ಸೇರದ ಅಲಯನ್ಸ್ ಪಕ್ಷದಿಂದ ನಿಂತವರ ಹೆಸರು ವಸುಂಧರಾ ಕಾಂಬ್ಳೆ. ಆ ಪಟ್ಟಿಯಲ್ಲಿ ಈ ಹೆಸರು ಕಂಡಾಗ ನಮಗೆ ಅಚ್ಚರಿಯಾಗದಿರದು. ಅವರಿಗೆ ಬಂದದ್ದು 437. ಸಣ್ಣ ಸಂಖ್ಯೆಯೇ, ಆದರೆ ನಾಲ್ಕು ಮತಗಳ ಅಂತರದ ಊರಿನಲ್ಲಿ 437 ಸಣ್ಣದಲ್ಲ.

ಮತಗಟ್ಟೆಗಳಲ್ಲಿ ವಿತರಿಸಿದ ಮತಪತ್ರಗಳ ಲೆಕ್ಕಕ್ಕೂ ಎಣಿಕೆಗೆ ಬಂದ ಮತಪತ್ರಗಳ ಲೆಕ್ಕಕ್ಕೂ ತಾಳೆಯಾಗುವುದಿಲ್ಲವೆಂದು ಕಾನರ್ ತಕರಾರು ಅರ್ಜಿ ಹಾಕಿದರು. ನ್ಯಾಯಾಲಯ ಮತಗಟ್ಟೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ತೀರ್ಪು ಬಂತು. ಕೊನೆಗೂ ಲೆಕ್ಕ ಸಿಗದೆ ಉಳಿದ ಮತಪತ್ರಗಳು ಮೂರು. ಆ ಮೂರೂ ಗಿಲ್ಡರ್ನ್ಯೂ ಅವರಿಗೆ ಬಿದ್ದವೆಂದೇ ಇಟ್ಟುಕೊಂಡು ಕಳೆದರೂ ಅವರು ಒಂದು ಮತದಿಂದ ಗೆಲ್ಲುತ್ತಾರೆ. ಆದ್ದರಿಂದ ಆಯ್ಕೆ ಸಿಂಧು. 21,300 ಮಂದಿ ಸೋಲನ್ನು ಒಪ್ಪಿಕೊಂಡರು. ಇದೇ ಜಿಲ್ಲೆಯಲ್ಲಿ ಸಾವಿರಾರು ಮತಗಳ ಬಹುಮತವಿದ್ದವರೂ ಕೌನ್ಸಿಲಿನಲ್ಲಿ ಐವತ್ತು ವರ್ಷ ಸೋಲುತ್ತಲೇ ಬಂದಿದ್ದರೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಇಷ್ಟೆಲ್ಲ ಹೋರಾಡಿ ಗೆದ್ದ ಆ ಸ್ಥಾನದಲ್ಲಿ ಯಾರೂ ಕೂರಲಿಲ್ಲ ಎಂಬುದು ವಿಚಿತ್ರ. ಬ್ರಿಟಿಷ್ ರಾಜಮನೆತನಕ್ಕೆ ನಿಷ್ಠೆಯ ಪ್ರಮಾಣ ಮಾಡಲಾರೆವೆಂದು ಶಿನ್ ಫೇನ್ ಸದಸ್ಯರು ಲಂಡನ್ನಿನ ಸಂಸತ್ತಿಗೆ ಹೋಗುವುದೇ ಇಲ್ಲ. 2015ರಲ್ಲಿ ಯೂನಿಯನಿಸ್ಟರ ಟಾಮ್ ಎಲಿಯಟ್ 530 ಮತಗಳಿಂದ ಗೆದ್ದು ಹೋಗಿ ಕುಳಿತರು. 2017ರಲ್ಲಿ 875, 2019ರಲ್ಲಿ 57 ಮತಗಳ ಅಂತರದಲ್ಲಿ ಅದು ಮತ್ತೆ ಗಿಲ್ಡರ್ನ್ಯೂ ಅವರಿಗೆ ಬಂದು ಮತ್ತೆ ಖಾಲಿಯಾಯಿತು. 2024ರಲ್ಲಿ ಅದೇ ಪಕ್ಷದ ಪ್ಯಾಟ್ ಕಲೆನ್ 4,571 ಮತಗಳ ಅಂತರದಿಂದ ಗೆದ್ದರು. ಬೇರೆ ಕಡೆ ಇದನ್ನು ಸಾಧಾರಣ ಗೆಲುವೆನ್ನುತ್ತಾರೆ. ಅರ್ಧ ರಾತ್ರಿಯ ಮರುಎಣಿಕೆಗಳನ್ನು ಕಂಡ ಫರ್ಮಾನಾದಲ್ಲಿ ಅದು ಭಾರೀ ಬಹುಮತ.